ಬೆಳಗಾವಿಯ ಕೋಟೆಯೂ ಊರಿನ ವೃತ್ತಪತ್ರಿಕೆಗಳೂ



ಒಂದು ಊರಿನ ಚರಿತ್ರೆಯನ್ನು ತಿಳಿಯಬೇಕೆಂದು ಹೊರಟವನು ಮೊದಲು ಅಲ್ಲಿನ ಕೋಟೆ ಕೊತ್ತಳಗಳನ್ನೂ ಗುಡಿ ಗೋಪುರಗಳನ್ನೂ ಸುತ್ತಿ ನೋಡುತ್ತಾನೆ. ಆಮೇಲೆ ಗ್ರಂಥಭಂಡಾರಕ್ಕೆ ಹೋಗಿ ರಾಜರ ವಂಶಾವಳಿಯನ್ನು ಓದುತ್ತಾನೆ. ಆ ಭಂಡಾರದ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿರುವ ಹಳೆಯ ವೃತ್ತಪತ್ರಿಕೆಗಳ ಕಟ್ಟನ್ನು ಬಿಚ್ಚಿ ನೋಡುವವರು ವಿರಳ. ಶಾಸನವು ಗೌರವದ ವಸ್ತು, ಪತ್ರಿಕೆಯು ಒಂದು ದಿನದ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಭಾವನೆಯು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದೇ ಊರನ್ನು ಮುಂದಿಟ್ಟುಕೊಂಡು ವಿಚಾರಿಸಬೇಕೆಂದು ಈ ಭಾಷಣದ ಉದ್ದೇಶ. ಆ ಊರು ಬೆಳಗಾವಿ. ಅದರ ಕೋಟೆಯಿಂದ ಆರಂಭಿಸಿ, ನೆರೆಯ ಖಾನಾಪುರ ಸೀಮೆಯನ್ನೂ ಸೇರಿಸಿಕೊಂಡು, ಆ ನೆಲದ ಬರೆಹಗಳು ತಾಮ್ರದಲ್ಲಿ, ಕಲ್ಲಿನಲ್ಲಿ, ಕಾಗದದಲ್ಲಿ ಹೇಗೆ ಹುಟ್ಟಿದವು, ಯಾರ ಕೈಯಲ್ಲಿ ಉಳಿದುಬಂದವು ಎಂಬುದನ್ನು ನೋಡೋಣ.

ಬೆಳಗಾವಿಯು ಸಹ್ಯಾದ್ರಿಯ ಪೂರ್ವದ ಮಗ್ಗುಲಲ್ಲಿ, ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಎಡೆಯಲ್ಲಿದೆ. ಶಾಸನಗಳಲ್ಲಿ ಇದಕ್ಕೆ ವೇಣುಗ್ರಾಮವೆಂದೂ ವೇಳುಗ್ರಾಮವೆಂದೂ ಹೆಸರು. ಬಿದಿರಿನ ಊರು ಎಂದು ಅರ್ಥ. ಇಂಗ್ಲಿಷರ ಬಾಯಲ್ಲಿ ಅದು ಬೆಲ್‌ಗಾಮ್ ಆಯಿತು; ೨೦೧೪ನೆಯ ಇಸವಿ ನವೆಂಬರ್ ೧ರಿಂದ ಸರಕಾರದ ಕಾಗದಗಳಲ್ಲಿಯೂ ಮತ್ತೆ ಬೆಳಗಾವಿಯೆಂದೇ ಬರೆಯಲ್ಪಡುತ್ತಿದೆ. ಇಲ್ಲಿಂದ ದಕ್ಷಿಣಕ್ಕೆ ಸುಮಾರು ಇಪ್ಪತ್ತೈದು ಕಿಲೋಮೀಟರು ಹೋದರೆ ಖಾನಾಪುರ. ಇದು ಮಲಪ್ರಭಾ ನದಿಯ ದಂಡೆಯ ಮೇಲಿರುವ ಚಿಕ್ಕ ಊರು. ನದಿಯು ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಾಡನ್ನು ದಾಟಿ ಈ ಊರಿನ ಪಕ್ಕದಲ್ಲಿ ಹರಿದು, ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಖಾನಾಪುರದ ಜೇಡಿಮಣ್ಣು ಒಳ್ಳೆಯದೆಂದು ಹೆಸರಾದದ್ದು. ಅಲ್ಲಿನ ಮಡಕೆಗಳೂ ಹೆಂಚುಗಳೂ ದೂರದೂರಿಗೆ ಹೋದವು. ಮಳೆ ಇಲ್ಲಿ ಧಾರಾಳ. ಈ ಮಳೆಯ ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕು. ಕಡೆಯಲ್ಲಿ ಅದು ಮತ್ತೆ ಬರುತ್ತದೆ.

ಈ ಸೀಮೆಯ ಅತ್ಯಂತ ಹಳೆಯ ಬರೆಹಗಳು ದೊರೆತದ್ದು ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ. ಇಂದು ಹಲಸಿಯು ಒಂದು ಹಳ್ಳಿ. ಭೂವರಾಹ ನರಸಿಂಹನ ದೇವಾಲಯಕ್ಕಾಗಿ ಯಾತ್ರಿಕರು ಹೋಗುವ ಊರು. ಆದರೆ ಐದನೆಯ ಶತಮಾನದಲ್ಲಿ ಅದೇ ಪಲಾಶಿಕಾ ಎಂಬ ನಗರ. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ನೆಲದೊಳಗಿಂದ ಕದಂಬರ ತಾಮ್ರಶಾಸನಗಳು ಹೊರಬಂದವು. ಕಾಕುಸ್ಥವರ್ಮನು ಶ್ರುತಕೀರ್ತಿಯೆಂಬ ಸೇನಾಪತಿಗೆ ಭೂಮಿಯನ್ನು ಕೊಟ್ಟದ್ದು, ಮೃಗೇಶವರ್ಮನು ತನ್ನ ತಂದೆಯ ಪುಣ್ಯಕ್ಕಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿದ್ದು, ಇವೆಲ್ಲ ಆ ತಗಡುಗಳಿಂದ ತಿಳಿಯುತ್ತವೆ. ರವಿವರ್ಮನ ಕಾಲದ ಶಾಸನವೊಂದು ಇನ್ನೂ ಸ್ವಾರಸ್ಯವಾದುದು. ವರ್ಷವರ್ಷವೂ ಕಾರ್ತಿಕದ ಹುಣ್ಣಿಮೆಯಲ್ಲಿ ಎಂಟು ದಿನ ಜಿನೇಂದ್ರನ ಉತ್ಸವವು ನಡೆಯತಕ್ಕದ್ದು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಅನ್ನವು ಸಲ್ಲತಕ್ಕದ್ದು, ಅದರ ವೆಚ್ಚವು ಇಂಥ ಹಳ್ಳಿಯ ಹುಟ್ಟುವಳಿಯಿಂದ ಬರತಕ್ಕದ್ದು ಎಂದು ಅದರಲ್ಲಿ ಕಟ್ಟಳೆ ಮಾಡಿದೆ. ಇದನ್ನು ಓದಿದರೆ ಒಂದು ಊರಿನ ವರ್ಷವೇ ಕಣ್ಣಿಗೆ ಕಟ್ಟುತ್ತದೆ. ಆದರೆ ಈ ಬರೆಹದ ಭಾಷೆ ಸಂಸ್ಕೃತ. ಅನ್ನವನ್ನು ಬೇಯಿಸಿದವರೂ ಹಳ್ಳಿಯಲ್ಲಿ ಬೆಳೆದವರೂ ಯಾವ ಮಾತನ್ನು ಆಡಿದರೋ ಅದು ಅಲ್ಲಿ ಕೇಳಿಬರುವುದಿಲ್ಲ. ಈ ತಗಡುಗಳನ್ನು ಓದಿ, ಅರ್ಥ ಬಿಡಿಸಿ, ೧೮೭೦ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದವನು ಬೊಂಬಾಯಿ ಸರಕಾರದ ಅಧಿಕಾರಿಯಾಗಿದ್ದ ಫ್ಲೀಟ್ ಎಂಬ ಇಂಗ್ಲಿಷ್ ವಿದ್ವಾಂಸನು.

ಹಲಸಿಯಿಂದ ಬೆಳಗಾವಿಗೆ ಬರೋಣ. ಕದಂಬರ ತರುವಾಯ ಆರುನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಸವದತ್ತಿಯಲ್ಲಿ ಆಳುತ್ತಿದ್ದ ರಟ್ಟರು ವೇಣುಗ್ರಾಮವನ್ನು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡರು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾದ ಬೀಚಿರಾಜನು ೧೨೦೪ರಲ್ಲಿ ಕೋಟೆಯನ್ನು ಕಟ್ಟಿಸಿದನೆಂದು ಹೇಳಿಕೆ. ಕೋಟೆಯು ಅಂಡಾಕಾರವಾದದ್ದು, ಸುತ್ತಲೂ ಅಗಲವಾಗಿಯೂ ಆಳವಾಗಿಯೂ ತೋಡಿದ ಅಗಳು. ಬೆಟ್ಟದ ತುದಿಯ ದುರ್ಗಗಳಂತೆ ಇದಕ್ಕೆ ಎತ್ತರದ ಬಲವಿಲ್ಲ. ಬಯಲಿನ ಕೋಟೆಯಾದ ಕಾರಣ ಅಗಳ ನೀರೇ ಇದರ ಬಲ. ಒಳಗೆ ಹೊಕ್ಕವನಿಗೆ ಬಾಗಿಲ ಬಳಿಯಲ್ಲಿಯೇ ದುರ್ಗೆಯ ಗುಡಿ ಕಾಣುತ್ತದೆ. ಮುಂದೆ ಕಮಲ ಬಸದಿ. ಅದರ ಮುಖಮಂಟಪದ ಮೇಲ್ಛಾವಣಿಯಿಂದ ದೊಡ್ಡ ಕಲ್ಲಿನ ತಾವರೆಯೊಂದು ಕೆಳಮುಖವಾಗಿ ಇಳಿಬಿದ್ದಿದೆ. ಆ ತಾವರೆಯ ಎಸಳುಗಳಿಂದಲೇ ಬಸದಿಗೆ ಆ ಹೆಸರು. ಗರ್ಭಗೃಹದಲ್ಲಿ ನೇಮಿನಾಥನ ಕರಿಯ ಕಲ್ಲಿನ ಮೂರ್ತಿಯಿದೆ. ಪಕ್ಕದಲ್ಲಿ ಚಿಕ್ಕಿ ಬಸದಿಯೆಂಬ ಇನ್ನೊಂದು ಕಟ್ಟಡದ ಅವಶೇಷವಿದೆ. ಪಶ್ಚಿಮ ಹಿಂದೂಸ್ಥಾನದ ಪುರಾತತ್ತ್ವ ಇಲಾಖೆಯ ಬರ್ಜೆಸ್ ಸಾಹೇಬನು ತನ್ನ ಮೊದಲನೆಯ ಸಂಚಾರಕ್ಕೆ ಆರಿಸಿಕೊಂಡದ್ದು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು. ೧೮೭೪ರಲ್ಲಿ ಅಚ್ಚಾದ ಅವನ ವರದಿಯಿಂದ ಈ ಬಸದಿಗಳು ಹೊರಗಿನ ಪಂಡಿತರ ಗಮನಕ್ಕೆ ಬಂದವು.

ಇನ್ನು ಈ ಕಾಲದ ಬರೆಹಗಳ ಮಾತು. ೧೨೦೪ನೆಯ ಇಸವಿಯ ಎರಡು ದೊಡ್ಡ ಕನ್ನಡ ಶಿಲಾಶಾಸನಗಳು ಬೆಳಗಾವಿಯಲ್ಲಿದ್ದವು. ಕಾರ್ತವೀರ್ಯನೂ ಅವನ ತಮ್ಮ ಮಲ್ಲಿಕಾರ್ಜುನನೂ ಆಳುತ್ತಿದ್ದಾಗ, ಬೀಚಿರಾಜನು ಕಟ್ಟಿಸಿದ ರಟ್ಟಜಿನಾಲಯದ ಆಚಾರ್ಯನಾದ ಶುಭಚಂದ್ರ ಭಟ್ಟಾರಕನಿಗೆ ಕೊಟ್ಟ ದತ್ತಿಗಳನ್ನು ಅವು ಹೇಳುತ್ತವೆ. ರಾಜರ ಬಿರುದಾವಳಿಯ ನಡುವೆ ಊರಿನ ಪೇಟೆಯೂ ಅಲ್ಲಿ ಕಾಣಿಸಿಕೊಳ್ಳುತ್ತದೆ. ಲಾಟ, ಮಲಯಾಳ ಮೊದಲಾದ ದೂರ ನಾಡುಗಳಿಂದ ಬಂದ ವರ್ತಕರ ಹೆಸರು ಬರುತ್ತದೆ. ಮಾರಾಟಕ್ಕೆ ಬಂದ ಸರಕಿನ ಮೇಲೆ ಜಿನಾಲಯಕ್ಕೆ ಸಲ್ಲಬೇಕಾದ ಕಾಣಿಕೆಯ ಲೆಕ್ಕ ಬರುತ್ತದೆ. ಎಂಟುನೂರು ವರ್ಷದ ಹಿಂದೆ ಈ ಊರು ಎಷ್ಟು ದೂರದವರನ್ನು ಬರಮಾಡಿಕೊಂಡಿತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ. ಈ ಕಲ್ಲುಗಳು ಇಂದು ಎಲ್ಲಿವೆ? ಬೆಳಗಾವಿಯಲ್ಲಿಲ್ಲ. ಲಂಡನ್ ನಗರದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಬಾರ್ನೆಟ್ ಎಂಬ ವಿದ್ವಾಂಸನು ಅವುಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಹದಿಮೂರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದನು. ಬೆಳಗಾವಿಯ ಪೇಟೆಯ ಲೆಕ್ಕವನ್ನು ಬೆಳಗಾವಿಯ ವಿದ್ಯಾರ್ಥಿಯು ಓದಬೇಕಾದರೆ ಲಂಡನ್ನಿನ ಕಲ್ಲನ್ನೇ ಆಧರಿಸಬೇಕು.

ಹೀಗೆ ಊರ ಬರೆಹವು ಪರರ ಕೈಯಲ್ಲಿ ಉಳಿಯುವುದು ಇಲ್ಲಿ ಮತ್ತೆ ಮತ್ತೆ ನಡೆದಿದೆ. ಕೋಟೆಯೊಳಗೇ ಇದಕ್ಕೊಂದು ನಿದರ್ಶನವಿದೆ. ರಟ್ಟರ ತರುವಾಯ ಊರು ದೇವಗಿರಿಯ ಸೇವುಣರಿಗೆ ಸೇರಿತು. ಆಮೇಲೆ ವಿಜಯನಗರಕ್ಕೆ ಅಧೀನವಾಯಿತು. ೧೪೭೨ರಲ್ಲಿ ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು ಬಂದು ಮುತ್ತಿಗೆ ಹಾಕಿದನು. ಅಗಳ ನೀರಿನ ಬಲದಿಂದ ನಿಂತಿದ್ದ ಕೋಟೆಯನ್ನು ಅವನು ಗೋಡೆಯ ಬುಡದಲ್ಲಿ ಸುರಂಗ ತೋಡಿ, ಮದ್ದು ತುಂಬಿ, ಒಡೆದನು. ದಖ್ಖನದಲ್ಲಿ ಈ ಉಪಾಯವನ್ನು ಅದುವರೆಗೆ ಕಂಡವರಿರಲಿಲ್ಲವೆಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಬಹಮನಿ ರಾಜ್ಯ ಒಡೆದ ಮೇಲೆ ಕೋಟೆಯು ಬಿಜಾಪುರದ ಆದಿಲಶಾಹಿಗಳ ಪಾಲಾಯಿತು. ಅವರ ಸರದಾರ ಅಸದ್ ಖಾನನು ೧೫೧೯ರಲ್ಲಿ ಕೋಟೆಯೊಳಗೆ ಸಫಾ ಮಸೀದಿಯನ್ನು ಕಟ್ಟಿಸಿದನೆಂದು ಪ್ರಸಿದ್ಧಿ. ಈ ಮಸೀದಿಯ ಕಂಬಗಳಲ್ಲಿ ಎರಡರ ಮೇಲೆ ಕನ್ನಡ ಶಾಸನಗಳಿವೆ: ಒಂದು ರಟ್ಟ ಕಾರ್ತವೀರ್ಯನ ಕಾಲದ ೧೧೯೯ನೆಯ ಇಸವಿಯದು, ಇನ್ನೊಂದು ಸೇವುಣ ಕೃಷ್ಣನ ಕಾಲದ ೧೨೬೧ನೆಯ ಇಸವಿಯದು. ಭಾಷೆ ಕನ್ನಡ, ಲಿಪಿ ನಾಗರಿ. ಹಳೆಯ ಕಟ್ಟಡದ ಕಂಬಗಳು ಹೊಸ ಕಟ್ಟಡಕ್ಕೆ ಬಂದವು. ಕಂಬದೊಡನೆ ಬರೆಹವೂ ಬಂದಿತು. ಅವುಗಳನ್ನು ತಂದವರು ಅಕ್ಷರವನ್ನು ಕೆತ್ತಿ ಅಳಿಸಬಹುದಾಗಿತ್ತು, ಅಳಿಸಲಿಲ್ಲ. ಕನ್ನಡದ ಮಾತು, ನಾಗರಿಯ ಅಕ್ಷರ, ಮಸೀದಿಯ ಸೂರು, ಈ ಮೂರೂ ಒಂದೇ ಕಂಬದಲ್ಲಿ ಕೂಡಿರುವುದನ್ನು ಕಂಡವನು ಈ ಊರು ಯಾರದೆಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವನ್ನು ಹೇಳಲು ಹಿಂಜರಿಯುತ್ತಾನೆ.

ಮುಂದಿನ ಮುನ್ನೂರು ವರ್ಷಗಳ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಬಿಜಾಪುರವು ೧೬೮೬ರಲ್ಲಿ ಬಿದ್ದಾಗ ಬೆಳಗಾವಿಯು ಮೊಗಲರ ವಶವಾಗಿ, ಔರಂಗಜೇಬನ ಮಗನ ಹೆಸರಿನಿಂದ ಆಜಂನಗರವೆನಿಸಿಕೊಂಡಿತು. ಆಮೇಲೆ ಸವಣೂರಿನ ನವಾಬರು, ಮೈಸೂರಿನ ಹೈದರ್ ಅಲಿ, ಪುಣೆಯ ಪೇಶ್ವೆಯರು ಒಬ್ಬರ ತರುವಾಯ ಒಬ್ಬರು ಇದನ್ನು ಹಿಡಿದರು. ೧೮೧೮ರಲ್ಲಿ ಜನರಲ್ ಮನ್ರೋ ಸುಮಾರು ಮೂರು ವಾರ ಮುತ್ತಿಗೆ ಹಾಕಿದ ಮೇಲೆ ಏಪ್ರಿಲ್ ೧೦ರಂದು ಕೋಟೆಯು ಇಂಗ್ಲಿಷರ ಕೈಸೇರಿತು. ಅಲ್ಲಿಂದ ಮುಂದೆ ಬೆಳಗಾವಿ ದಂಡಿನ ಊರು. ಕೋಟೆಯ ಪಶ್ಚಿಮಕ್ಕೆ ಪೇಟೆ ಬೆಳೆಯಿತು, ದಂಡಿನವರಿಗೆ ಕ್ಯಾಂಪು ಬೆಳೆಯಿತು; ಕೋಟೆಯು ಯುದ್ಧದ ಸ್ಥಳವಾಗಿ ಉಳಿಯಲಿಲ್ಲ.

ಇಂಗ್ಲಿಷರು ಬಂದು ಕೆಲವೇ ವರ್ಷಗಳಲ್ಲಿ ನಡೆದ ಕಿತ್ತೂರಿನ ಸಂಗತಿಯು ಎಲ್ಲರಿಗೂ ತಿಳಿದದ್ದೇ. ರಾಣಿ ಚೆನ್ನಮ್ಮನ ನಂಬಿಕೆಯ ಬಂಟನಾದ ಸಂಗೊಳ್ಳಿ ರಾಯಣ್ಣನನ್ನು ೧೮೩೧ರ ಜನವರಿ ೨೬ರಂದು ಖಾನಾಪುರ ತಾಲ್ಲೂಕಿನ ನಂದಗಡದ ಬಳಿ ಗಲ್ಲಿಗೇರಿಸಿದರು. ಆ ಸ್ಥಳವೂ ಸಮಾಧಿಯ ಆಲದ ಮರವೂ ಇಂದಿಗೂ ಜನರ ಭಕ್ತಿಗೆ ಪಾತ್ರವಾಗಿವೆ. ಆಗ ಕನ್ನಡದಲ್ಲಿ ಒಂದಾದರೂ ವೃತ್ತಪತ್ರಿಕೆ ಇರಲಿಲ್ಲ; ಮೊದಲನೆಯದಾದ ‘ಮಂಗಳೂರ ಸಮಾಚಾರ’ ಹುಟ್ಟಿದ್ದು ಹನ್ನೆರಡು ವರ್ಷಗಳ ಬಳಿಕ, ೧೮೪೩ರಲ್ಲಿ. ಆದುದರಿಂದ ರಾಯಣ್ಣನ ವೃತ್ತಾಂತವು ಎರಡು ಕಡೆ ಮಾತ್ರ ಉಳಿಯಿತು: ಸರಕಾರದವರು ತಮ್ಮತಮ್ಮೊಳಗೆ ಬರೆದುಕೊಂಡ ಪತ್ರಗಳಲ್ಲಿ, ಮತ್ತು ಹಳ್ಳಿಯವರ ಹಾಡುಗಳಲ್ಲಿ. ಪತ್ರಗಳಲ್ಲಿ ಅವನು ದಂಗೆಕೋರ, ಹಾಡಿನಲ್ಲಿ ವೀರ. ಆ ಹಾಡುಗಳನ್ನು ಮೊದಲು ಸಂಗ್ರಹಿಸಿ ಅಚ್ಚು ಹಾಕಿಸಿದವನೂ ಹಲಸಿಯ ತಗಡುಗಳನ್ನು ಓದಿದ ಆ ಫ್ಲೀಟನೇ. ೧೮೮೦ರ ದಶಕದಲ್ಲಿ ಅವನು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ದಂಗೆಯ ಪದವೂ ಒಂದು. ಯಾವ ಸರಕಾರವು ರಾಯಣ್ಣನನ್ನು ಗಲ್ಲಿಗೆ ಹಾಕಿತೋ ಅದೇ ಸರಕಾರದ ನೌಕರನು ಅವನ ಹಾಡನ್ನು ಕಾಗದಕ್ಕೆ ಇಳಿಸಿದನು.

ವೃತ್ತಪತ್ರಿಕೆಯು ಬೆಳಗಾವಿಗೆ ಬಂದದ್ದು ಇದಾದ ಮೇಲೆ. ೧೮೪೯ರಲ್ಲಿ ಇಲ್ಲಿ ‘ಸುಬುದ್ಧಿ ಪ್ರಕಾಶ’ ಎಂಬ ಕನ್ನಡ ಪತ್ರಿಕೆ ಹೊರಟಿತು. ಕನ್ನಡದ ಮೊತ್ತಮೊದಲ ಪತ್ರಿಕೆಗಳ ಸಾಲಿನಲ್ಲಿ ಅದಕ್ಕೆ ಸ್ಥಾನವುಂಟು. ಆ ಕಾಲದಲ್ಲಿ ನಮ್ಮ ದೇಶದ ಅನೇಕ ಪತ್ರಿಕೆಗಳು ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿದ್ದವು. ‘ಮಂಗಳೂರ ಸಮಾಚಾರ’ವೂ ಹಾಗೆಯೇ. ಕಲ್ಲಚ್ಚೆಂದರೇನೆಂದು ಎರಡು ಮಾತು ಹೇಳುವುದು ಯುಕ್ತ. ನಯವಾಗಿ ಉಜ್ಜಿದ ಒಂದು ಬಗೆಯ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಹವನ್ನು ಮೂಡಿಸುತ್ತಾರೆ. ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮೇಲೆ ಅಚ್ಚಿನ ಮಸಿಯ ಉರುಳೆಯನ್ನು ಹಾಯಿಸಿದರೆ, ಒದ್ದೆಯಾದ ಕಡೆ ಮಸಿ ಹಿಡಿಯುವುದಿಲ್ಲ; ಜಿಡ್ಡಿನ ಬರೆಹದ ಮೇಲೆ ಮಾತ್ರ ಹಿಡಿಯುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತಿದರೆ ಬರೆಹವು ಕಾಗದಕ್ಕೆ ಇಳಿಯುತ್ತದೆ. ಮೊಳೆಗಳನ್ನು ಎರಕ ಹೊಯ್ಯಿಸುವ ವೆಚ್ಚವಿಲ್ಲ, ಒತ್ತಕ್ಷರಗಳ ತೊಡಕಿಲ್ಲ, ಒಳ್ಳೆಯ ಕೈಬರೆಹದ ಬರೆಹಗಾರನೊಬ್ಬನಿದ್ದರೆ ಸಾಕು. ಕೆಲಸ ಮುಗಿದ ಕೂಡಲೆ ಕಲ್ಲನ್ನು ಉಜ್ಜಿ ಬರೆಹವನ್ನು ತೆಗೆದು, ಮುಂದಿನ ಸಂಚಿಕೆಯನ್ನು ಅದೇ ಕಲ್ಲಿನ ಮೇಲೆ ಬರೆಯುತ್ತಾರೆ. ರಟ್ಟರ ಕಾಲದ ಕಲ್ಲು ಬರೆದದ್ದನ್ನು ಎಂದೆಂದಿಗೂ ಹಿಡಿದಿಟ್ಟುಕೊಳ್ಳುವುದಕ್ಕಾಗಿ ಇತ್ತು. ಈ ಹೊಸ ಕಲ್ಲು ನಿನ್ನೆಯದನ್ನು ಮರೆತು ಇಂದಿನದನ್ನು ಹೇಳುವುದಕ್ಕಾಗಿ ಬಂದಿತು.

ಇಲ್ಲಿಂದ ಬರೆಹದ ಸ್ವಭಾವವೇ ಬದಲಾಯಿತು. ಶಾಸನದಲ್ಲಿ ಕೊಟ್ಟವನ ಹೆಸರು ದೊಡ್ಡದು. ದುಡಿದವನ ಹೆಸರು ಅಪೂರ್ವ. ಶಾಸನವು ದೂರು ಹೇಳುವುದಿಲ್ಲ. ಧರ್ಮವನ್ನು ಕೆಡಿಸಿದವನು ನರಕಕ್ಕೆ ಹೋಗುತ್ತಾನೆಂದು ಹೇಳಿ ಮುಗಿಸುತ್ತದೆ. ಪತ್ರಿಕೆಯಲ್ಲಿ ಮಳೆ ಬಾರದ ಚಿಂತೆ, ಜೋಳದ ಧಾರಣೆ, ಶಾಲೆಯ ಪರೀಕ್ಷೆ, ಮಾಮಲೇದಾರನ ಮೇಲಿನ ಅಸಮಾಧಾನ, ಹೊಸ ತೆರಿಗೆಯ ವಿಚಾರ, ಇವುಗಳಿಗೆ ಎಡೆ ದೊರೆಯಿತು. ಬೆಳಗಾವಿಯಲ್ಲಿ ೧೮೬೩ರಿಂದ ‘ಬೆಳಗಾವ್ ಸಮಾಚಾರ’ ಎಂಬ ಮರಾಠೀ ವಾರಪತ್ರಿಕೆ ಹೊರಡತೊಡಗಿತು. ೧೮೬೫ರಲ್ಲಿ ಕನ್ನಡ ಶಾಲೆಗಳ ಉದ್ಧಾರಕನೆಂದು ಹೆಸರಾದ ಡೆಪ್ಯೂಟಿ ಚನ್ನಬಸಪ್ಪನವರ ಪ್ರಯತ್ನದಿಂದ ‘ಮಠಪತ್ರಿಕೆ’ ಹುಟ್ಟಿತು. ಮಠವೆಂದರೆ ಇಲ್ಲಿ ಶಾಲೆ. ಅದು ಉಪಾಧ್ಯಾಯರಿಗಾಗಿ ಮಾಡಿದ ಪತ್ರಿಕೆ. ಅದೇ ಮುಂದೆ ‘ಜೀವನ ಶಿಕ್ಷಣ’ವೆಂಬ ಹೆಸರಿನಿಂದ ಧಾರವಾಡದಲ್ಲಿ ನೆಲೆಸಿ, ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬಾಳಿತು. ಉತ್ತರ ಕರ್ನಾಟಕದ ಸರಕಾರೀ ಶಾಲೆಗಳಲ್ಲಿ ಮರಾಠಿಯೇ ಮುಂದಾಗಿದ್ದ ದಿನಗಳಲ್ಲಿ ಹಳ್ಳಿಯ ಮಾಸ್ತರರ ಕೈಗೆ ಕನ್ನಡದ ಪತ್ರಿಕೆಯೊಂದನ್ನು ಕೊಟ್ಟದ್ದು ಸಣ್ಣ ಕೆಲಸವಲ್ಲ.

ಈ ಹಳೆಯ ಪತ್ರಿಕೆಗಳನ್ನು ಕಾಪಾಡಿದವರು ಯಾರು? ಓದಿದ ಮನೆಯವರು ಕಾಪಾಡಿದ್ದು ಅಪರೂಪ. ಓದಿ ಮುಗಿದ ಕಾಗದ ಅಂಗಡಿಯ ಪೊಟ್ಟಣವಾಯಿತು, ಕಪಾಟಿನ ಹಾಸಾಯಿತು, ಒಲೆ ಹೊತ್ತಿಸುವುದಕ್ಕಾಯಿತು. ಆದರೆ ಬೊಂಬಾಯಿ ಸರಕಾರಕ್ಕೆ ಪತ್ರಿಕೆಗಳ ಮೇಲೆ ಸಂದೇಹವಿತ್ತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರಕಾರದ ಭಾಷಾಂತರಕಾರರು ದೇಶೀಯ ಪತ್ರಿಕೆಗಳನ್ನೆಲ್ಲ ವಾರವಾರವೂ ಓದಿ, ಮುಖ್ಯವಾದ ಲೇಖನಗಳ ಸಾರವನ್ನು ಇಂಗ್ಲಿಷಿಗೆ ತಿರುಗಿಸಿ, ಗುಟ್ಟಾಗಿ ಅಚ್ಚು ಹಾಕಿಸಿ ಅಧಿಕಾರಿಗಳಿಗೆ ಹಂಚುವ ಪದ್ಧತಿ ಬಂದಿತು. ‘ರಿಪೋರ್ಟ್ ಆನ್ ನೇಟಿವ್ ಪೇಪರ್ಸ್’ ಎಂದು ಅದರ ಹೆಸರು. ಬೆಳಗಾವಿಯ ಪತ್ರಿಕೆಗಳೂ ಆ ಓದಿಗೆ ಒಳಗಾದವು. ಮೂಲ ಸಂಚಿಕೆ ನಾಶವಾದ ಎಷ್ಟೋ ಕಡೆ, ಆ ಪತ್ರಿಕೆ ಏನು ಹೇಳಿತ್ತೆಂದು ತಿಳಿಯಲು ಈ ವರದಿಯೇ ಇಂದು ಚರಿತ್ರಕಾರನಿಗೆ ಗತಿ. ಕಾವಲುಗಾರನ ದಿನಚರಿಯನ್ನು ಓದಿ ಮನೆಯವರ ಮಾತನ್ನು ಊಹಿಸಿದಂತೆ ಇದು. ಅದರಲ್ಲಿ ಕಾವಲುಗಾರನಿಗೆ ಅಪಾಯವೆಂದು ಕಂಡ ಮಾತು ಉಳಿದಿದೆ. ಅವನಿಗೆ ನಿರುಪದ್ರವಿಯಾಗಿ ಕಂಡದ್ದು, ಅಂದರೆ ಜೋಳದ ಧಾರಣೆ, ಬಾವಿಯ ನೀರು, ಮಗುವಿನ ಶಾಲೆ, ಇವೆಲ್ಲ ಹೋಗಿವೆ.

ಇದೇ ಬಗೆಯ ಇನ್ನೊಂದು ಸಂಗತಿ. ೧೯೧೬ರ ಏಪ್ರಿಲ್ ತಿಂಗಳಲ್ಲಿ ಬೆಳಗಾವಿಯಲ್ಲಿ ಲೋಕಮಾನ್ಯ ಟಿಳಕರು ಹೋಂರೂಲ್ ಸಂಘವನ್ನು ಸ್ಥಾಪಿಸಿದರು. ಮೇ ೧ರಂದು ಅವರು ಇಲ್ಲಿ ಮರಾಠಿಯಲ್ಲಿ ಮಾಡಿದ ಭಾಷಣವೂ, ಆಮೇಲೆ ಅಹಮದನಗರದಲ್ಲಿ ಮಾಡಿದ ಎರಡು ಭಾಷಣಗಳೂ ರಾಜದ್ರೋಹದವೆಂದು ಸರಕಾರ ಮೊಕದ್ದಮೆ ಹೂಡಿತು. ಇಪ್ಪತ್ತು ಸಾವಿರ ರೂಪಾಯಿಯ ಮುಚ್ಚಳಿಕೆಯನ್ನು ಕೊಡಬೇಕೆಂದು ಮ್ಯಾಜಿಸ್ಟ್ರೇಟನು ಅಪ್ಪಣೆ ಮಾಡಿದನು. ಅದೇ ವರ್ಷ ನವೆಂಬರಿನಲ್ಲಿ ಬೊಂಬಾಯಿ ಹೈಕೋರ್ಟು ಆ ಅಪ್ಪಣೆಯನ್ನು ತಳ್ಳಿಹಾಕಿತು. ಟಿಳಕರ ಪರವಾಗಿ ವಾದಿಸಿದವರು ಮಹಮದ್ ಅಲಿ ಜಿನ್ನಾ. ಭಾಷಣವನ್ನು ಬರೆದುಕೊಂಡು, ಅನುವಾದ ಮಾಡಿಸಿ, ಕೋರ್ಟಿನ ಮುಂದಿಟ್ಟವರು ಸರಕಾರದವರೇ. ಅಂದು ಬಯಲಿನಲ್ಲಿ ನಿಂತು ಕೇಳಿದವರ ನೆನಪು ಅವರೊಡನೆ ಹೋಯಿತು. ಶಿಕ್ಷೆಗೆಂದು ಸಂಗ್ರಹಿಸಿದ ಬರೆಹವು ಚರಿತ್ರೆಯ ಆಧಾರವಾಗಿ ಉಳಿಯಿತು. ಅದೇ ೧೯೧೬ರಲ್ಲಿ ಏಳು ಮಂದಿ ಉಪಾಧ್ಯಾಯರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಈ ಊರಿನಲ್ಲಿ ಸ್ಥಾಪಿಸಿದರೆಂಬುದನ್ನೂ ಇಲ್ಲಿ ನೆನೆಯಬೇಕು. ಬೆಳಗಾವಿಯಲ್ಲಿ ಓದುಬರಹ ಬಲ್ಲವರ ಸಂಖ್ಯೆ ಬೆಳೆದದ್ದಕ್ಕೆ ಇಂಥ ಸಂಸ್ಥೆಗಳೂ ಕಾರಣ.

ಓದುವವರು ಬೆಳೆದಂತೆ ಪತ್ರಿಕೆಗಳೂ ಬೆಳೆದವು. ೧೯೧೯ರಲ್ಲಿ ಬಾಬುರಾವ್ ಠಾಕೂರರು ‘ತರುಣ ಭಾರತ’ವೆಂಬ ಮರಾಠೀ ಪತ್ರಿಕೆಯನ್ನು ಇಲ್ಲಿ ಆರಂಭಿಸಿದರು. ೧೯೨೪ರ ಡಿಸೆಂಬರ್ ೨೬ ಮತ್ತು ೨೭ರಂದು ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಇಲ್ಲಿ ಕಾಂಗ್ರೆಸ್ ಮಹಾಸಭೆ ಕೂಡಿತು. ಮಹಾತ್ಮ ಗಾಂಧಿಯವರು ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಟಿಳಕವಾಡಿಯಲ್ಲಿ ಸಭೆ ನಡೆದ ಬೀಡಿಗೆ ವಿಜಯನಗರವೆಂದು ಹೆಸರಿಟ್ಟಿದ್ದರು. ನೀರಿಗಾಗಿ ತೋಡಿದ ಬಾವಿಯು ಇಂದಿಗೂ ಕಾಂಗ್ರೆಸ್ ಬಾವಿಯೆಂದೇ ಪ್ರಸಿದ್ಧವಾಗಿದೆ. ಹುಯಿಲಗೋಳ ನಾರಾಯಣರಾಯರ ನಾಡಗೀತವು ಅಲ್ಲಿ ಮೊಳಗಿತು. ಅದೇ ಸಮಯದಲ್ಲಿ ಸಿದ್ಧಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಕೂಡಿತು. ನಾಡನ್ನು ಒಂದುಗೂಡಿಸಬೇಕೆಂಬ ಈ ಹಂಬಲದ ಹೆಸರನ್ನೇ ಹೊತ್ತ ‘ಸಂಯುಕ್ತ ಕರ್ನಾಟಕ’ ಪತ್ರಿಕೆ ಹುಟ್ಟಿದ್ದು ಕೂಡ ಬೆಳಗಾವಿಯಲ್ಲಿಯೇ. ಮೊದಲು ವಾರಪತ್ರಿಕೆಯಾಗಿದ್ದು, ತರುವಾಯ ದಿನಪತ್ರಿಕೆಯಾಗಿ ಹುಬ್ಬಳ್ಳಿಗೆ ನೆಲೆ ಬದಲಾಯಿಸಿತು. ಬೆಳಗಾವಿಯ ‘ಕನ್ನಡಮ್ಮ’ ಮೊದಲಾದವು ಆಮೇಲೆ ಬಂದವು.

ಇಲ್ಲಿ ಒಂದು ಸೂಕ್ಷ್ಮವಾದ ವಿಷಯವನ್ನು 
ಮುಟ್ಟದೆ ಹೋಗುವಂತಿಲ್ಲ. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಚಂದಗಡ ತಾಲ್ಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ವಿಚಾರವಾಗಿ ಹುಟ್ಟಿದ ವಾದವು ೧೯೬೭ರ ಮಹಾಜನ ಆಯೋಗದ ವರದಿಯಿಂದಲೂ ತೀರದೆ, ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೨೦೧೨ರಲ್ಲಿ ಊರಿನ ಹೊರವಲಯದಲ್ಲಿ ಸುವರ್ಣ ವಿಧಾನಸೌಧವು ಎದ್ದಿತು. ಈ ವಾದದ ತೀರ್ಮಾನವನ್ನು ಹೇಳುವುದು ಈ ಭಾಷಣದ ಕೆಲಸವಲ್ಲ. ಆದರೆ ವಾದ ಮಾಡುವವರು ಎರಡು ಕಡೆಯಲ್ಲಿಯೂ ಹಳೆಯ ಬರೆಹಗಳನ್ನೇ ಸಾಕ್ಷಿಗೆ ಕರೆಯುತ್ತಾರೆ. ಒಬ್ಬರು ರಟ್ಟರ ಕನ್ನಡ ಶಾಸನವನ್ನು ತೋರಿಸುತ್ತಾರೆ, ಇನ್ನೊಬ್ಬರು ಮರಾಠೀ ಪತ್ರಿಕೆಗಳ ಪರಂಪರೆಯನ್ನು ತೋರಿಸುತ್ತಾರೆ. ಎರಡೂ ಸತ್ಯವೇ. ಕನ್ನಡದ ಅಭಿಮಾನಿಯು ‘ಬೆಳಗಾವ್ ಸಮಾಚಾರ’ದ ಹಳೆಯ ಸಂಚಿಕೆ ನಮ್ಮದಲ್ಲವೆಂದು ಬಿಟ್ಟರೆ, ಅದರಲ್ಲಿ ಬರೆದಿರಬಹುದಾದ ಕನ್ನಡಿಗರ ಮನೆಯ ಸುಖದುಃಖವೂ ಹೋದಂತೆ. ಮರಾಠಿಯ ಅಭಿಮಾನಿಯು ‘ಸುಬುದ್ಧಿ ಪ್ರಕಾಶ’ದ ಹಾಳೆಯನ್ನು ಕಡೆಗಣಿಸಿದರೆ ಅವನ ಪೂರ್ವಿಕರ ಪೇಟೆಯ ಸುದ್ದಿಯೂ ಅದರೊಡನೆ ಕಳೆಯುತ್ತದೆ. ಸಾಕ್ಷಿಯನ್ನು ಉಳಿಸುವ ಕೆಲಸಕ್ಕೆ ಇಬ್ಬರ ಕೈಯೂ ಬೇಕು.

ಉಳಿಸುವುದಕ್ಕೆ ಕಾಲವೂ ಬಹಳವಿಲ್ಲ. ಹಳೆಯ ಕಾಗದವನ್ನು ಚಿಂದಿ ಬಟ್ಟೆಯ ನಾರಿನಿಂದ ಮಾಡುತ್ತಿದ್ದರು, ಅದು ಗಟ್ಟಿಯಾದದ್ದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಪತ್ರಿಕೆಗಳಿಗೆ ಮರದ ತಿರುಳಿನ ಅಗ್ಗದ ಕಾಗದ ಬಂದಿತು. ಅದರೊಳಗೆ ಉಳಿದ ಮರದ ಅಂಶವೂ, ಮಸಿ ಹರಡದಂತೆ ಹಾಕಿದ ಪಟಿಕದ ಹುಳಿಯೂ ಸೇರಿ ಕಾಗದವನ್ನು ಒಳಗಿನಿಂದಲೇ ತಿನ್ನುತ್ತವೆ. ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದಾಗುತ್ತದೆ, ಕಡೆಗೆ ಮಡಿಸಿದ ಕಡೆ ಮುರಿದು ಪುಡಿಯಾಗುತ್ತದೆ. ಬಿಸಿಲೂ ತೇವವೂ ಇದನ್ನು ಬೇಗ ಮಾಡುತ್ತವೆ. ಖಾನಾಪುರ, ಬೆಳಗಾವಿಗಳ ಮಳೆಗಾಲವನ್ನು ಮೊದಲೇ ಹೇಳಿದೆನಷ್ಟೆ. ಎಂಟುನೂರು ಮಳೆಗಾಲವನ್ನು ಕಂಡ ಕಮಲ ಬಸದಿಯ ತಾವರೆಗೆ ಏನೂ ಆಗಿಲ್ಲ. ಎಂಬತ್ತು ಮಳೆಗಾಲವನ್ನು ಕಂಡ ಪತ್ರಿಕೆಯ ಕಟ್ಟು ಮುಟ್ಟಿದರೆ ಉದುರುತ್ತದೆ. ಪುಸ್ತಕಗಳ ಪ್ರತಿಯನ್ನು ರಾಷ್ಟ್ರದ ದೊಡ್ಡ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂಬ ೧೯೫೪ರ ಕಾಯಿದೆಯನ್ನು ೧೯೫೬ರಲ್ಲಿ ತಿದ್ದಿ ವೃತ್ತಪತ್ರಿಕೆಗಳಿಗೂ ಅನ್ವಯಿಸಿದರು. ಅದಕ್ಕೆ ಮುಂಚಿನ ಸಣ್ಣ ಊರಿನ ಪತ್ರಿಕೆಗಳಿಗೆ ಆ ರಕ್ಷೆಯೂ ಇರಲಿಲ್ಲ. ಅವು ಎಲ್ಲಾದರೂ ಇದ್ದರೆ ಹಳೆಯ ವಕೀಲರ ಮನೆಯ ಅಟ್ಟದಲ್ಲಿಯೋ, ಮುಚ್ಚಿಹೋದ ಅಚ್ಚುಕೂಟದ ಪೆಟ್ಟಿಗೆಯಲ್ಲಿಯೋ, ಮಾಸ್ತರರ ಮೊಮ್ಮಕ್ಕಳ ಕಪಾಟಿನಲ್ಲಿಯೋ ಇರಬೇಕು.

ಹಾಗೆ ಇದ್ದರೆ ಮಾಡತಕ್ಕದ್ದು ಕಷ್ಟದ ಕೆಲಸವೇನೂ ಅಲ್ಲ. ಕಟ್ಟನ್ನು ನೆಲದಿಂದ ಮೇಲೆತ್ತಿ, ಬಿಸಿಲು ತಾಗದ, ಗಾಳಿಯಾಡುವ ಒಣ ಸ್ಥಳದಲ್ಲಿ ಅಡ್ಡಲಾಗಿ ಮಲಗಿಸಿಡಬೇಕು. ಹಾಳೆಗಳನ್ನು ಮಡಿಸಬಾರದು; ಹರಿದದ್ದಕ್ಕೆ ಅಂಟುಪಟ್ಟಿ ಹಚ್ಚಬಾರದು, ಅಂಟು ಕಾಗದವನ್ನು ಇನ್ನಷ್ಟು ಕೆಡಿಸುತ್ತದೆ. ಒಂದೊಂದು ಪುಟದ ಛಾಯಾಚಿತ್ರವನ್ನು ತೆಗೆದು, ಪತ್ರಿಕೆಯ ಹೆಸರು, ತಾರೀಖು, ಪುಟದ ಸಂಖ್ಯೆಗಳನ್ನು ಜೊತೆಯಲ್ಲಿ ಬರೆದಿಡಬೇಕು. ಇಂದು ಇದಕ್ಕೆ ಬೇಕಾದ ಯಂತ್ರ ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ. ಆಮೇಲೆ ಮೂಲವನ್ನು ಕಾಲೇಜಿನ ಗ್ರಂಥಾಲಯಕ್ಕೋ ಸಾರ್ವಜನಿಕ ಗ್ರಂಥಭಂಡಾರಕ್ಕೋ ಒಪ್ಪಿಸಿ ರಸೀತಿ ಪಡೆಯಬಹುದು.

ಕೋಟೆಯನ್ನು ನೋಡಿ ಹೊರಗೆ ಬಂದವನು ಅಗಳ ದಂಡೆಯ ಮೇಲೆ ನಿಂತು ಒಂದು ಗಳಿಗೆ ಯೋಚಿಸಿದರೆ, ಈ ಊರಿನ ನೆನಪು ಹೇಗೆ ಉಳಿದು ಬಂತೆಂಬುದು ಅವನಿಗೆ ಹೊಳೆಯುತ್ತದೆ. ಕದಂಬರ ತಗಡನ್ನು ಮಣ್ಣು ಕಾಯಿತು. ರಟ್ಟರ ಕಂಬವನ್ನು ಮಸೀದಿ ಕಾಯಿತು. ವೇಣುಗ್ರಾಮದ ಪೇಟೆಯ ಲೆಕ್ಕವನ್ನು ಲಂಡನ್ನು ಕಾಯಿತು. ರಾಯಣ್ಣನ ಹಾಡನ್ನೂ ಟಿಳಕರ ಮಾತನ್ನೂ ಅವರ ಎದುರಾಳಿಗಳ ನೌಕರರು ಬರೆದಿಟ್ಟರು. ಊರಿನವರು ತಾವಾಗಿ ಕಾಯ್ದದ್ದು ಕಡಿಮೆ. ಆಳುವವರ ಬರೆಹಗಳನ್ನು ಕಾಯುವುದಕ್ಕೆ ಯಾರಾದರೂ ದೊರೆತಾರು. ಜೋಳದ ಧಾರಣೆಯನ್ನೂ ಬಾವಿಯ ನೀರನ್ನೂ ಬರೆದ ಪತ್ರಿಕೆಯನ್ನು ಕಾಯಲು ಊರಿನವರಲ್ಲದೆ ಬೇರೆ ಯಾರೂ ಬರುವುದಿಲ್ಲ. ಬೆಳಗಾವಿಗೆ ಸಲ್ಲುವ ಈ ಮಾತು ನಮ್ಮ ನಮ್ಮ ಊರುಗಳಿಗೂ ಸಲ್ಲುತ್ತದೆ. ಈ ಮಳೆಗಾಲಕ್ಕೆ ಮುಂಚೆ ನಮ್ಮ ಮನೆಗಳ ಅಟ್ಟವನ್ನು ಒಮ್ಮೆ ಹತ್ತಿ ನೋಡುವುದು ಒಳ್ಳೆಯದು.